ಜರೀಗಿಡದ ಕಲ್ಲಿನ ಚೀಟಿ

ಗ್ರಾವೆನ್‌ಬೆರ್ಗ್, ಸ್ಯಾಕ್ಸನಿ
೧೧ ಮಾರ್ಚ್ ೧೯೭೪

ಮುದ್ದು ಹೆಡಿ,

ಹೇಗಿದ್ದೀಯಮ್ಮ? ಕೆಮ್ಮು ಬಿಟ್ಟಿತೇ? ಕುತ್ತಿಗೆಗೆ ಉಣ್ಣೆ ಸುತ್ತದೆ ಹೊರಗೆ ಹೋಗುತ್ತಿರುತ್ತೀಯ, ನನಗೆ ಗೊತ್ತಿಲ್ಲವೇ. ತಂತಿ ತಲುಪಿರಬೇಕು. ನಿಮ್ಮಪ್ಪನನ್ನು ಗುರುವಾರ ಮಣ್ಣು ಮಾಡಿದೆವು. ನನಗೆ ಅಳು ಬರಲಿಲ್ಲ. ಬಂದವರಿಗೆ ಕಾಫಿ, ಕೇಕು ಕೊಟ್ಟೆ, ತಟ್ಟೆ ತೊಳೆದೆ. ಮಾರನೆಯ ಬೆಳಿಗ್ಗೆ ಅಭ್ಯಾಸಬಲದಿಂದ ಎರಡು ಮೊಟ್ಟೆ ಬೇಯಿಸಿ ಎರಡನ್ನೂ ನಾನೇ ತಿಂದೆ.

ಅವರ ಹಳೆಯ ಶಿಷ್ಯ ರೈನ್ಷ್ ಮಾತಾಡಿದ. ಗಣಿಯಾಳಿನ ಮಗ ಪ್ರೊಫೆಸರ್ ಆದದ್ದು, ಮೂವತ್ತೊಂದು ವರ್ಷ ಭೂವಿಜ್ಞಾನ ಕಲಿಸಿದ್ದು, ಕಲ್ಲಿದ್ದಲ ಪದರಗಳ ನಕ್ಷೆ ಬರೆದದ್ದು, ಎಲ್ಲ ಹೇಳಿದ. ಮಗಳ ಸುದ್ದಿ ಎತ್ತಲಿಲ್ಲ. ಆಮೇಲೆ, ಕಲ್ಲುಗಳಿಗೆ ಹೆಸರಿನ ಚೀಟಿ ಅಂಟಿಸುವಾಗ ಅವರು ಗದರುತ್ತಿದ್ದಂತೆಯೇ ದನಿ ತೆಗೆದು, "ಏನಯ್ಯಾ, ಹಿಟ್ಟಿನ ಗಂಜೀಲಿ ಅಂಟಿಸಿದ್ದೀಯಾ? ಮೂಳೆ ಅಂಟು ಹಚ್ಚೋ! ನೀನು ಸತ್ರೂ ಚೀಟಿ ಇರಬೇಕು. ಚೀಟಿ ಹೋದ ಕಲ್ಲು ಬರೀ ಜಲ್ಲಿ ಕಣೋ!" ಎಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ.

ನೀನು ಗಡಿ ದಾಟಿ ಪಶ್ಚಿಮಕ್ಕೆ ಹೋದ ವರ್ಷ, ಕಾಲೇಜಿನ ಕಲ್ಲುಗಳ ಸಂಗ್ರಹದಿಂದ ಮಗಳ ಹೆಸರು ತೆಗೆಯಿರಿ, ಇಲ್ಲವೇ ಹುದ್ದೆ ಬಿಡಿ ಎಂದು ಮೇಲಿನವರು ನಿಮ್ಮಪ್ಪನಿಗೆ ಹೇಳಿದರು. ನಿನಗೆ ಸಿಕ್ಕಿದ್ದ ಜರೀಗಿಡದ ಅಚ್ಚಿನ ಕಲ್ಲಿಗೆ ನಿಮ್ಮಪ್ಪ ಹೊಸ ಚೀಟಿ ಅಂಟಿಸಿದರು: "ಹೆಕ್ಕಿದವರು: ತಿಳಿಯದು." ಅದು ಹೇಗೋ ನಿನ್ನ ಕಿವಿಗೆ ಬಿತ್ತು. "ನನ್ನ ಹೆಸರು ಅಳಿಸಿದವರು ನನಗೆ ಅಪ್ಪ ಅಲ್ಲ" ಎಂದು ನೀನು ಅವರಿಗೆ ಬರೆದೆ. ಓದಿ, ಮಡಚಿ, ಕೋಟಿನ ಜೇಬಿಗೆ ಇಟ್ಟುಕೊಂಡರು. ನಾನೂ ನಿನ್ನ ಕಡೆಗೇ ಇದ್ದೆ. ಹದಿಮೂರು ವರ್ಷ ಸೂಪು ಬಡಿಸಿದೆ, ಆ ಕಲ್ಲಿನ ಮಾತು ಮಾತ್ರ ಆಡಲಿಲ್ಲ.

ಮಕ್ಕಳಿಗೆ ಅಜ್ಜಿಯ ಮುತ್ತು ಕೊಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ವಾಲ್ಟ್ರೌಟ್

ಮರೆತಿದ್ದೆ: ಕಾಗದ ಒಯ್ಯಲು, ಪಿಂಚಣಿದಾರರೆಂದು ಗಡಿ ದಾಟಲು ಅನುಮತಿ ಸಿಕ್ಕ ಪಕ್ಕದ ಮನೆಯ ಲಿಂಕೆಯವರು ಟೋಪಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಾರೆ. "ಬೇಗ ಬರೀರಿ, ರೈಲೇನು ನನ್ನ ಅಳಿಯನೇ, ಕಾಯೋಕೆ!" ಅನ್ನುತ್ತಿದ್ದಾರೆ. ಆ ಕಲ್ಲನ್ನು ರೈನ್ಷ್ ನಿನ್ನೆ ಮನೆಗೆ ತಂದುಕೊಟ್ಟ. ಧೂಳಾಗಿತ್ತೆಂದು, ಬುದ್ಧಿಯಿಲ್ಲದೆ, ತಣ್ಣೀರಿಗೆ ಹಾಕಿದೆ. ಹೊಸ ಚೀಟಿ ತಕ್ಷಣ ಬಿಟ್ಟುಕೊಂಡು ತೇಲಿತು. ಅಡಿಯಲ್ಲಿ ಹಳೆಯದು ಕದಲದೆ ಕೂತಿದೆ: "ಹೆಕ್ಕಿದವರು: ಹೆಡ್ವಿಗ್, ಏಳು ವರ್ಷ." ಕಲ್ಲು ಲಿಂಕೆಯವರ ಚೀಲದಲ್ಲಿದೆ, ಇಸಿದುಕೋ. ನೀನು ಹೋದ ವರ್ಷ ಒಂದು ದಿನ ನಿಮ್ಮಪ್ಪ ಅಡುಗೆಮನೆಗೆ ಬಂದು ಒಂದು ಚಮಚ ಗೋಧಿಹಿಟ್ಟು ಕೇಳಿದ್ದರು, ಹೆಡಿ. ಕೊಟ್ಟೆ. ಯಾಕೆ ಅಂತ ಕೇಳಲಿಲ್ಲ.