ಗಂಜಿಯಲ್ಲಿ ಬೆರೆಸಿದ್ದು

ಮೈಲಾಪೂರ್, ಚೆನ್ನೈ
12-7-2025

ಪ್ರೀತಿಯ ಶಾರದಕ್ಕನಿಗೆ ಸರಸಳ ನಮಸ್ಕಾರ.

ಒಂದು ತಿಂಗಳಿಂದ ನೀನು ಫೋನ್ ಮಾಡುತ್ತಲೇ ಇದ್ದೀಯ, ನಾನು ಆಮೇಲೆ ಮಾತಾಡುತ್ತೇನೆಂದು ಇಟ್ಟುಬಿಡುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ. ಎರಡು ಕೋಣೆಯ ಈ ಮನೆಯಲ್ಲಿ ಇವರಿಗೆ ಕೇಳದಂತೆ ಮಾತಾಡಲು ಜಾಗವೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮಂಡಿನೋವು ಹೇಗಿದೆ?

ಇವರು ಎದ್ದು ಓಡಾಡುತ್ತಿದ್ದಾರೆ. ಕರುಳಿನ ಆಪರೇಷನ್ನಿನ ಗಾಯ ಮಾಗಿದೆ. ಆದರೆ ನಾಲ್ಕನೆಯ ಕೀಮೋ ಐದು ವಾರ ತಡವಾಗಿದೆ. ಯಾಕೆಂದು ನೀನು ಕೇಳಿದಾಗಲೆಲ್ಲ ರಕ್ತ ಕಡಿಮೆಯಿದೆ ಎಂದೆ. ಅದು ಸುಳ್ಳು.

ನೀನು ಕುಂದಾಪುರದಿಂದ ಅರಿಶಿನದ ಸತ್ವದ್ದು, ಗ್ರೀನ್ ಟೀಯದ್ದು ಎಂದು ಕ್ಯಾಪ್ಸೂಲ್ ಕಳಿಸಿದ್ದೆಯಲ್ಲ, ಅವನ್ನು ಇವರು ಮುಟ್ಟಲೇ ಇಲ್ಲ. "ಡಾಕ್ಟ್ರನ್ನ ಕೇಳದೆ ಎಂತದೂ ತಕ್ಕೊಳ್ಳುದಿಲ್ಲ" ಎಂದರು. ಕೇಳಿದರೆ ಅವರು ಬೇಡವೆನ್ನುತ್ತಾರೆಂದು ನನಗೆ ಭಯ. ಮೊದಲ ಕೀಮೋ ಆದಾಗಲೇ ಇವರ ಅಂಗಿ ಹೆಗಲಿನಿಂದ ಜಾರುತ್ತಿತ್ತು. ಸುಮ್ಮನೆ ಕೂತು ನೋಡುವುದು ನನ್ನಿಂದಾಗಲಿಲ್ಲ ಅಕ್ಕಾ. ದಿನಾ ಬೆಳಿಗ್ಗೆ, ಸಂಜೆ ಕ್ಯಾಪ್ಸೂಲ್ ಬಿಡಿಸಿ ಪುಡಿಯನ್ನು ಗಂಜಿಯಲ್ಲಿ ಕಲಸಿ ಕೊಟ್ಟೆ. ಬಾಟಲಿಯ ಮೇಲೆ ಬರೆದದ್ದಕ್ಕಿಂತ ಹೆಚ್ಚೇ ಹಾಕಿದೆ.

ನುಂಗಂಬಾಕ್ಕಂ ಹೋಟೆಲಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದ ಮನುಷ್ಯ. ಸಾಂಬಾರಿಗೆ ಇಂಗು ಹೆಚ್ಚಾದರೆ ಬಾಗಿಲಲ್ಲೇ ಹೇಳುವವರು. ಕೀಮೋ ನಾಲಿಗೆಯ ರುಚಿಯನ್ನೇ ತೆಗೆದುಬಿಟ್ಟಿತ್ತು, ಹಾಗಾಗಿ ನಾನು ಸಿಕ್ಕಿಬೀಳಲಿಲ್ಲ. "ಬಾಯೆಲ್ಲ ಕಬ್ಬಿಣ ಕಬ್ಬಿಣ. ನೀನು ಮಾಡಿದ್ದು ಅಂತ ಉಣ್ಣುದು, ಅಷ್ಟೇ" ಎನ್ನುತ್ತಿದ್ದರು.

ಎರಡು ತಿಂಗಳು ಹೀಗೆ ನಡೆಯಿತು. ನಾಲ್ಕನೆಯ ಕೀಮೋಗೆಂದು ಪೋರೂರಿನ ಆಸ್ಪತ್ರೆಗೆ ಹೋದಾಗ, ರಕ್ತಪರೀಕ್ಷೆಯಲ್ಲಿ ಲಿವರ್ ಕೆಟ್ಟಿದೆ ಎಂದು ಬಂತು. "ವೇರೆ ಏದಾವದು ಮಾತ್ತಿರೈ, ಪೊಡಿ ಸಾಪ್ಡರೀಂಗಳಾ?" ಎಂದರು ಡಾಕ್ಟರಮ್ಮ. ಬೇರೆ ಮಾತ್ರೆ, ಪುಡಿ ಏನಾದರೂ ತಿನ್ನುತ್ತೀರಾ ಎಂದು. ಇವರು ಇಲ್ಲವೆಂದರು. ನಾನೂ ತಲೆಯಾಡಿಸಿದೆ. ಕ್ಯಾನ್ಸರ್ ಲಿವರಿಗೆ ಹರಡಿದೆಯೋ ನೋಡಬೇಕೆಂದು ಸ್ಕ್ಯಾನ್ ಬರೆದುಕೊಟ್ಟರು.

ಸ್ಕ್ಯಾನಿಗೆ ಎರಡು ದಿನ ಕಾಯಬೇಕಿತ್ತು. ಆ ಎರಡು ದಿನವೂ ನಾನು ಬಾಯಿ ಬಿಡಲಿಲ್ಲ. ಇವರು ಮಗಳು ಪ್ರಣಮ್ಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಅಮ್ಮನ್ನ ಒಬ್ಬಳೇ ಬಿಡ್ಬೇಡ ಮಗಾ" ಎಂದು ಮೆಲ್ಲಗೆ ಹೇಳುತ್ತಿದ್ದುದು ಪಾತ್ರೆ ತೊಳೆಯುತ್ತಿದ್ದ ನನಗೆ ಕೇಳಿಸಿತು.

ಸ್ಕ್ಯಾನಿಗೆ ಇವರನ್ನು ಒಳಗೆ ಕರೆದೊಯ್ದ ಮೇಲೆ ನಾನು ಡಾಕ್ಟರಮ್ಮನ ಕೋಣೆಗೆ ಹೋಗಿ ಬಾಟಲಿಗಳನ್ನು ಮೇಜಿನ ಮೇಲೆ ಇಟ್ಟೆ. ಅವರು ಬೈಯಲಿಲ್ಲ. ಇದರಿಂದಲೇ ಎಂದು ಖಂಡಿತ ಹೇಳಲಾಗದು, ಆದರೆ ಕೆಲವರ ಲಿವರ್ ಇಂಥ ಸತ್ವವನ್ನು ತಡೆದುಕೊಳ್ಳುವುದಿಲ್ಲ, ಇವತ್ತೇ ನಿಲ್ಲಿಸಿ ಎಂದರು. "ಅವರಿಗೆ ನೀವೇ ಹೇಳಬೇಕು" ಎಂದೂ ಹೇಳಿದರು.

ಸ್ಕ್ಯಾನ್ ಮುಗಿದ ಮೇಲೆ ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತು ಇವರಿಗೂ ಜೊತೆಗೆ ಬಂದಿದ್ದ ಪ್ರಣಮ್ಯಾಳಿಗೂ ಹೇಳಿದೆ. ಪ್ರಣಮ್ಯಾ "ಏನ್ಮಾ ಸೊಲ್ಲವೇ ಇಲ್ಲ?" ಎಂದು ಕೂಗಿದಳು. ಯಾಕಮ್ಮಾ ಹೇಳಲೇ ಇಲ್ಲ ಎಂದು. ಇವರು "ಎಷ್ಟು ದಿನದಿಂದ?" ಎಂದಷ್ಟೇ ಕೇಳಿ ಕಿಟಕಿಯ ಕಡೆ ತಿರುಗಿದರು.

ದೇವರ ದಯೆ, ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಪುಡಿ ನಿಲ್ಲಿಸಿದ ಮೇಲೆ ಲಿವರ್ ವಾರ ವಾರವೂ ಸುಧಾರಿಸಿತು. ಬರುವ ಗುರುವಾರ ಕೀಮೋ. ಈ ಐದು ವಾರದ ಬಿಡುವಿನಲ್ಲಿ ಒಳಗೆ ಏನಾದರೂ ಚಿಗುರಿಕೊಂಡಿದ್ದರೆ? ಹಾಗಾಗಲಿಕ್ಕಿಲ್ಲ ಎನ್ನುತ್ತಾರೆ ಡಾಕ್ಟರಮ್ಮ. ಆಗಲಿಕ್ಕಿಲ್ಲ ಎನ್ನುತ್ತಾರೆ, ಆಗುವುದಿಲ್ಲ ಎನ್ನುವುದಿಲ್ಲ.

ನೀನು ಪ್ರೀತಿಯಿಂದ ಕಳಿಸಿದೆ, ನಿನ್ನ ತಪ್ಪಿಲ್ಲ. ಮುಚ್ಚಿಟ್ಟವಳು ನಾನು. ಇನ್ನು ಕಳಿಸಬೇಡ, ಯಾರಿಗಾದರೂ ಕೊಟ್ಟಿದ್ದರೆ ಡಾಕ್ಟರನ್ನು ಕೇಳಲು ಹೇಳು. ಗುರುವಾರ ನಮ್ಮನ್ನು ನೆನೆಸಿಕೊಂಡು ದೀಪ ಹಚ್ಚು, ಹರಸು.

ನಿನ್ನ ತಂಗಿ,
ಸರಸ

ಮರೆತಿದ್ದಲ್ಲ, ಬರೆಯಲು ಕೈ ಬರಲಿಲ್ಲ: ಇವರು ನನಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಪ್ರಣಮ್ಯಾ ಬಡಿಸಿದರೆ ಮಾತ್ರ ನಿಶ್ಚಿಂತೆಯಿಂದ ಉಣ್ಣುತ್ತಾರೆ. ಅವಳು ಆಫೀಸಿಗೆ ಹೋದ ಮೇಲೆ ನಾನು ಬರೀ ನೀರು ಕೊಟ್ಟರೂ ಲೋಟದೊಳಗೆ ಇಣುಕಿ ನೋಡುತ್ತಾರೆ. ನನ್ನ ಕಣ್ಣಿಗೆ ಬಿತ್ತೆಂದು ಗೊತ್ತಾದರೆ, ಪಾಪ, ಗಟಗಟನೆ ಕುಡಿದುಬಿಡುತ್ತಾರೆ.