ಮೈಕಿನಲ್ಲಿ ನಿನ್ನ ಹೆಸರು

ಅಣ್ಣಾ,

ನೀನು ಗುನುಗುತ್ತಿದ್ದ ಆ ಇಂಗ್ಲಿಷ್ ಸಾಲಿನಲ್ಲಿ ಇದ್ದದ್ದು ನದಿಯೋ, ದಾರಿಯೋ? ನೀನು ಗಿಟಾರ್ ಹೊತ್ತು ಮನೆ ಬಿಟ್ಟ ಮೇಲೆ ಬಿಡಿಸಿ ಹೇಳುವವರು ಯಾರೂ ಇರಲಿಲ್ಲ.

ನಿನ್ನೆ ಸಂಜೆ ರಾಣೆಬೆನ್ನೂರಿನ ಮೈದಾನದಲ್ಲಿ ಹುಬ್ಬಳ್ಳಿಯ ತಂಡವೊಂದು ಅರವತ್ತರ ದಶಕದ ಆ ಇಂಗ್ಲಿಷ್ ಹಾಡುಗಳನ್ನೇ ಹಾಡಿತು. ನಿನ್ನ ಆ ಸಾಲಿನ ಹಾಡು ಬಂದಾಗ ಮೈದಾನವೇ ಮೆಲ್ಲಗೆ ತೇಲಿದಂತಿತ್ತು. ನಮ್ಮ ಜನ ಬಿಟ್ಟಾರೆಯೇ? ನಾಟಕದಲ್ಲಿ ಆಹೇರಿ ಮಾಡುವಂತೆ ವೇದಿಕೆ ಹತ್ತಿ ಗಿಟಾರಿನವನ ಅಂಗಿಗೆ ನೋಟು ಚುಚ್ಚಿ, ಮೈಕಿನಲ್ಲಿ ತಮ್ಮ ಹೆಸರು ಕೂಗಿಸಿಕೊಂಡರು. ನಾನೂ ಹತ್ತಿದೆ.

"ಯಾರ ಹೆಸರಿಲೆ ಆಹೇರಿ, ಅಕ್ಕಾರ?" ಎಂದ ನಿರೂಪಕ.

ನಿನ್ನ ಹೆಸರು ಹೇಳಿದೆ. ಅವನು ಮೈಕಿನಲ್ಲಿ ಕೂಗಿದ. ಚಪ್ಪಾಳೆ ಬಿತ್ತು. ನೀನು ಎಲ್ಲಿ ಕೂತಿದ್ದೀಯೆಂದು ನಾನೂ ತಿರುಗಿ ನೋಡಿದೆ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಜಯವ್ವ ಬಾಗಿಲಲ್ಲಿ ನಿಂತಿದ್ದಳು. "ಮೈಕಿನ್ಯಾಗ ಕೇಳಿದ್ನಿ, ಚನ್ನೇಶ ಬಂದಾನಲಾ? ಬಿಸಿ ರೊಟ್ಟಿ ತಂದೇನಿ. ಇನ್ನೂ ಮಲಗ್ಯಾನೇನವಾ?"