ಹಣಕ್ಕೆ ಮರೆವಿದ್ದ ಕಾಲದವರಿಗೆ

ನಾಣ್ಯ ಶಕೆ ತೊಂಬತ್ತೊಂದು, ಹತ್ತನೆಯ ತಿಂಗಳು ಮುಗಿದ ಮೇಲಿನ ಮೂರನೆಯ ದಿನ
ಕೊಳವೆ ಓಣಿ, ಲಿಂಗಸುಗೂರು

ಸಂಘದ ಸಂಗಾತಿಗಳೇ,

ಮೇಲಿನ ತಾರೀಖು ಓದಿ ತಲೆ ಕೆರೆದುಕೊಳ್ಳಬೇಡಿ. ನಮ್ಮ ವರ್ಷಕ್ಕೆ ಹತ್ತೇ ತಿಂಗಳು, ತಿಂಗಳಿಗೆ ಮೂವತ್ತಾರು ದಿನ. ಬಡ್ಡಿಯ ಲೆಕ್ಕ ಸಲೀಸಾಗಲಿ ಎಂದು ನಾಣ್ಯ ಮಂಡಲಿಯವರು ವರ್ಷವನ್ನು ಹಾಗೆ ಕತ್ತರಿಸಿದರು. ಕೊನೆಗೆ ಐದು ದಿನ ಯಾವ ತಿಂಗಳಿಗೂ ಸೇರದೆ ಉಳಿಯುತ್ತವೆ. ಆ ದಿನಗಳಲ್ಲಿ ಬಡ್ಡಿ ಬೆಳೆಯುವುದಿಲ್ಲ, ಕಚೇರಿ ತೆರೆಯುವುದಿಲ್ಲ. ಜನ ಎಣ್ಣೆ ಹಚ್ಚಿಕೊಂಡು ಮಲಗುತ್ತಾರೆ, ಇಲ್ಲವೇ ಬೀಗರ ಜೊತೆ ಹಳೆಯ ಜಗಳ ಮುಗಿಸಿಕೊಳ್ಳುತ್ತಾರೆ. ನಾನು ನಿಮಗೆ ಪತ್ರ ಬರೆಯುತ್ತಿದ್ದೇನೆ. ನೀವೆಲ್ಲ ಮಣ್ಣಾಗಿ ಬಹಳ ಕಾಲವಾಯಿತು. ನನ್ನ ಕೆಲವು ಪದಗಳು ನಿಮ್ಮ ಕಿವಿಗೆ ಒಗ್ಗಲಿಕ್ಕಿಲ್ಲ, ಅದಕ್ಕೆ ಕ್ಷಮೆ ಇರಲಿ. ನನ್ನ ಧಾಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಹೊಟ್ಟೆಕಿಚ್ಚಿನಲ್ಲಿ ಬರೆಯುತ್ತಿದ್ದೇನೆ; ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮ ಜಿಲ್ಲೆಯ ಮ್ಯೂಸಿಯಮ್ಮಿನಲ್ಲಿ ನಿಮ್ಮ ಕಾಲದ ನೂರು ರೂಪಾಯಿಯ ನೋಟೊಂದನ್ನು ಗಾಜಿನೊಳಗೆ ಇಟ್ಟಿದ್ದಾರೆ. ಕೊಳಕು ನೋಟು. ಮಡಚಿದ ಕಡೆಯೆಲ್ಲ ಸವೆದಿದೆ, ಒಂದು ಮೂಲೆಗೆ ಅರಿಶಿನ ಹತ್ತಿದೆ. ಅದರ ಮೇಲೆ ನಿಮ್ಮ ಕೇಂದ್ರ ಬ್ಯಾಂಕಿನ ಮುಖ್ಯಸ್ಥನ ಸಹಿ, ಸಹಿಯ ಮೇಲೊಂದು ಮಾತು. ಕೆಳಗಿನ ಚೀಟಿಯಲ್ಲಿ ಅದನ್ನು ಕನ್ನಡ ಮಾಡಿ ಬರೆದಿದ್ದಾರೆ: ಇದನ್ನು ಹಿಡಿದು ತಂದವರಿಗೆ ನೂರು ರೂಪಾಯಿ ಕೊಡುತ್ತೇನೆಂದು ವಚನ ಕೊಡುತ್ತೇನೆ. ಹಿಡಿದು ತಂದವರಿಗೆ, ಅಷ್ಟೇ. ಯಾರ ಮಗಳು, ಯಾವ ಓಣಿ, ಬೆಳಿಗ್ಗೆ ಏನು ಮುಟ್ಟಿದ ಕೈ, ಒಂದೂ ಕೇಳಿಲ್ಲ. ನಾನು ಆ ಗಾಜಿನ ಮುಂದೆ ನಿಂತು ಹಲ್ಲು ಕಡಿದೆ.

ನಿಮಗೆ ಗೊತ್ತೇ ಇಲ್ಲ ನಿಮ್ಮ ಕೈಯಲ್ಲಿ ಏನಿತ್ತು ಎಂದು. ನಮ್ಮ ಕೈಯಿಂದ ನೀರು ಕುಡಿಯದವನು ನಮ್ಮ ಕೈಯಿಂದ ನೋಟು ತೆಗೆದುಕೊಂಡು, ನಾಲಿಗೆಗೆ ಬೆರಳು ಹಚ್ಚಿ ಎಣಿಸುತ್ತಿದ್ದನಂತೆ. ನಾಲಿಗೆಗೆ! ಚರ್ಮ ಹದ ಮಾಡಿದ ಕೈಯ ಬೆವರು, ಮೀನು ಕೊಯ್ದ ಕೈಯ ನೀರು, ಬಾಣಂತಿಯ ಬಟ್ಟೆ ಒಗೆದ ಕೈಯ ಸೋಪು, ಎಲ್ಲವೂ ಅವನ ಬಾಯೊಳಗೆ. ಅವನಿಗೆ ತಿಳಿಯದೆ, ಅವನ ದೇವರಿಗೂ ತಿಳಿಯದೆ. ನಾಣ್ಯಕ್ಕಾದರೆ ನೀರು ಚಿಮುಕಿಸಿ ಒಳಗೆ ಸೇರಿಸುತ್ತಿದ್ದರು, ನಮಗೂ ಗೊತ್ತು. ಕಾಗದಕ್ಕೆ ನೀರು ಚಿಮುಕಿಸಿದರೆ ನಷ್ಟ ಅವನದೇ. ಅದೇ ನೋಟು ಸಂಜೆಗೆ ಮಂಗಳಾರತಿ ತಟ್ಟೆಗೆ ಹೋಗುತ್ತಿತ್ತು. ನಮ್ಮವರನ್ನು ಹೊಸ್ತಿಲಿನಾಚೆ ನಿಲ್ಲಿಸಿದ ಗುಡಿಯೊಳಗೆ ನಮ್ಮ ಬೆವರು ನಡೆದು ಹೋಗಿ ಕುಳಿತು ಬರುತ್ತಿತ್ತು. ಇಷ್ಟನ್ನು ಪುಕ್ಕಟೆ ಅನುಭವಿಸಿದವರು ನೀವು. ನಿಮ್ಮ ಮೇಲೆ ಕಿಚ್ಚುಪಡದೆ ಇನ್ನಾರ ಮೇಲೆ ಪಡಲಿ?

ಸಂಘದ ಶಾಲೆಯಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ನಿಮ್ಮ ಕೇಂದ್ರ ಬ್ಯಾಂಕನ್ನು ನಾನು ಹಾಡಿ ಹೊಗಳುವವಳಲ್ಲ. ಬಿಳಿಯರ ಆಳ್ವಿಕೆಯಲ್ಲಿ ಷೇರುದಾರರ ಸ್ವತ್ತಾಗಿ ಹುಟ್ಟಿತು, ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರದ್ದಾಯಿತು. ನೋಟು ಹೊರಡಿಸುವುದು, ಬಡ್ಡಿಯ ದರ ಹಿಡಿಯುವುದು, ಸರ್ಕಾರದ ಸಾಲ ನೋಡಿಕೊಳ್ಳುವುದು, ಮುಳುಗುವ ಬ್ಯಾಂಕನ್ನು ಕೈ ಹಿಡಿದು ಎತ್ತುವುದು, ಇವು ಅದರ ಕೆಲಸ ಎಂದು ಮಕ್ಕಳಿಗೆ ಹೇಳುತ್ತೇನೆ. ಮುಳುಗುವ ಕೂಲಿಯವನನ್ನು ಎತ್ತುವುದು ಆ ಕೆಲಸಗಳಲ್ಲಿ ಸೇರಿರಲಿಲ್ಲ ಎಂಬುದನ್ನೂ ಹೇಳುತ್ತೇನೆ. ಆದರೆ ಯಾವ ಪುಸ್ತಕವೂ ಬರೆಯದ ಇನ್ನೊಂದು ಕೆಲಸವನ್ನು ಅದು ಮಾಡುತ್ತಿತ್ತು. ಮರೆಯುತ್ತಿತ್ತು. ಹರಿದ ನೋಟು ಕೊಟ್ಟರೆ ಹೊಸದು ಬರುತ್ತಿತ್ತು, ಯಾರ ಸೆರಗಿನ ಗಂಟಿನಲ್ಲಿ ಹರಿಯಿತು ಎಂಬ ಪ್ರಶ್ನೆ ಇರಲಿಲ್ಲ. ಈ ದೇಶದಲ್ಲಿ ಬಾವಿಗೆ ನೆನಪಿತ್ತು, ಲೋಟಕ್ಕೆ ನೆನಪಿತ್ತು, ಸುಡುಗಾಡಿಗೂ ನೆನಪಿತ್ತು. ನೋಟಿಗೆ ಇರಲಿಲ್ಲ.

ನಮ್ಮ ಹಣಕ್ಕೆ ಇದೆ. ಹಳೆಯ ವ್ಯವಸ್ಥೆಯೆಲ್ಲ ಮುಗಿದ ಮೇಲೆ ಹೊಸದಾಗಿ ಕಟ್ಟಿದ ಕೇಂದ್ರ ಬ್ಯಾಂಕೇ ಈ ನಾಣ್ಯ ಮಂಡಲಿ. ಅದು ಕೊಡುವುದು ಅಂಗೈಹಣ. ಅಂಗೈಯ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಒಂದು ಬಿಲ್ಲೆ ಇರುತ್ತದೆ, ಹುಟ್ಟಿದ ವಾರದಲ್ಲೇ ಹಾಕುತ್ತಾರೆ. ಕೊಡುವವರ ಅಂಗೈಯನ್ನು ತೆಗೆದುಕೊಳ್ಳುವವರ ಅಂಗೈಗೆ ನಾಲ್ಕು ಬೆರಳು ದೂರದಲ್ಲಿ ಹಿಡಿದರೆ ಹಣ ದಾಟುತ್ತದೆ. ತಾಗಿಸಬೇಕಾಗಿಲ್ಲ. ಆ ನಾಲ್ಕು ಬೆರಳಿನ ದೂರವನ್ನು ಯಾರ ಅನುಕೂಲಕ್ಕೆ ಇಟ್ಟರೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ದಾಟಿದ ಪ್ರತಿ ಹಣದ ಹಿಂದೆ ಅದರ ಜಾಡು ಇರುತ್ತದೆ: ಎಲ್ಲಿ ಹುಟ್ಟಿತು, ಯಾವ ಕೆಲಸಕ್ಕೆ ಸಂದಿತು, ಯಾರ ಯಾರ ಕೈ ಹಾದು ಬಂತು. ಮುಂಗೈ ಮೇಲೆ ಎರಡು ಸಲ ಬೆರಳು ತಟ್ಟಿದರೆ ಜಾಡು ಬಿಚ್ಚಿಕೊಳ್ಳುತ್ತದೆ. ಬೇಡದ ಜಾಡಿನ ಹಣವನ್ನು ಅಂಗೈ ತಾನಾಗಿ ಹಿಂದಕ್ಕೆ ಕಳಿಸುವಂತೆ ಮಾಡಿಕೊಳ್ಳಬಹುದು, ಅದಕ್ಕೆ ಸೋಸುವ ಹಕ್ಕು ಎನ್ನುತ್ತಾರೆ. ಜಾತಿ ಕೇಳುವುದು ನಮ್ಮಲ್ಲಿ ಘೋರ ಅಪರಾಧ. ಯಾರೂ ಕೇಳುವುದಿಲ್ಲ. ಯಾಕೆ ಕೇಳಬೇಕು?

ನನ್ನ ತಂಗಿಯ ಕಥೆ ಹೇಳುತ್ತೇನೆ. ಹೆಸರು ಹುಸೇನಮ್ಮ. ಮೊಹರಮ್ಮಿನ ಪೀರಲ ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವಳು, ನಮ್ಮ ಕಡೆ ಇಂದಿಗೂ ಅಂಥ ಹೆಸರು ಇಡುತ್ತಾರೆ. ಹದಿನೈದು ವರ್ಷ ಊರ ಕೆಳಗಿನ ಹೊಲಸಿನ ಕೊಳವೆಗಳಲ್ಲಿ ಯಂತ್ರ ಓಡಿಸಿದಳು. ನಿಮ್ಮ ಕಾಲದಲ್ಲಿ ಮನುಷ್ಯರೇ ಇಳಿಯುತ್ತಿದ್ದರಂತೆ. ಯಂತ್ರ ಬರಲಿ, ಯಂತ್ರ ಬರಲಿ ಎಂದು ನೀವು ಕೂಗಿದಿರಿ. ಬಂತು. ಯಂತ್ರದ ಮೇಲೆ ಕೂರುವ ಮನೆತನಗಳು ಮಾತ್ರ ಬದಲಾಗಲಿಲ್ಲ. ಅವಳು ಕೆಲಸ ಬಿಟ್ಟು ಖಾನಾವಳಿ ಇಡಬೇಕೆಂದು ಕೂಡಿಟ್ಟಿದ್ದಳು. ಅವಳ ಪುಂಡಿಪಲ್ಯ, ಶೇಂಗಾ ಹಿಂಡಿ ತಿಂದವರು ಬೇರೆ ಊಟಕ್ಕೆ ಮೂಗು ಮುರಿಯುತ್ತಾರೆ. ನಮ್ಮ ಬಿಸಿಲು ನಿಮ್ಮದಕ್ಕಿಂತ ಕೆಟ್ಟದ್ದು; ಊರಿನ ಬೀದಿಗಳ ಮೇಲೆಲ್ಲ ನೆರಳಿನ ಪರದೆ ಕಟ್ಟಿರುತ್ತಾರೆ, ಮಧ್ಯಾಹ್ನದ ಪ್ರಯಾಣಿಕರು ಹೊತ್ತು ಇಳಿಯುವ ತನಕ ಬಸ್ ನಿಲ್ದಾಣದಲ್ಲೇ ಬಿದ್ದಿರುತ್ತಾರೆ. ಅವರಿಗೆ ಬಿಸಿ ರೊಟ್ಟಿ ಹಾಕಬೇಕು ಎಂಬುದು ಅವಳ ಆಸೆ. ನಿಲ್ದಾಣದ ಎದುರಿಗೆ ಅಮರಗುಂಡಪ್ಪ ಎಂಬವನ ಮಳಿಗೆ ಮಾರಾಟಕ್ಕಿತ್ತು. ಮಾತು ಮುಗಿಯಿತು, ಬೆಲ್ಲ ಹಂಚಿದರು. ಅವಳು ಅಂಗೈ ಚಾಚಿದಳು. ಅವನ ಅಂಗೈ ಹಣವನ್ನು ಹಿಂದಕ್ಕೆ ತಳ್ಳಿತು.

ಅಮರಗುಂಡಪ್ಪ ಕೆಟ್ಟವನಲ್ಲ, ಅದೇ ನನ್ನ ಸಿಟ್ಟು. ಕೆಟ್ಟವನಾಗಿದ್ದರೆ ಬಾಯಿ ತುಂಬ ಬೈಯಬಹುದಿತ್ತು. ಅವನು ಕುರ್ಚಿ ಹಾಕಿ ಕೂರಿಸಿ, ಮಜ್ಜಿಗೆ ತರಿಸಿ, ಮೆತ್ತಗೆ ಹೇಳಿದ: "ಅಕ್ಕಾರ, ನನಗೇನ್ ಇಲ್ರಿ. ಮನ್ಯಾಗ ನಮ್ಮವ್ವ ಅದಾಳ. ಕೊಳವಿ ಜಾಡಿನ ರೊಕ್ಕ ಮನಿಗಿ ಬಂತಂದ್ರ ಆಕಿ ಊಟ ಬಿಡ್ತಾಳ. ನೀವೊಂದ್ ಸಲ ತೊಳೆಕಟ್ಟಿಗಿ ಹೋಗಿ ಬರ್ರಿ, ಬಂದ ದಿನಾನ ಕೀಲಿಕೈ ಕೊಡ್ತೀನಿ."

ಹುಸೇನಮ್ಮ ಮಜ್ಜಿಗೆ ಮುಟ್ಟಲಿಲ್ಲ. "ನಿಮ್ಮವ್ವ ಸಂಡಾಸಕ್ಕ ಹೋಗ್ತಾಳೋ ಇಲ್ಲೋ?" ಎಂದು ಕೇಳಿದಳು. ಅವನು ಪಾಪ, "ಹೋಗ್ತಾಳ್ರಿ" ಅಂದ. "ಹಂಗಾರ ಆಕಿದು ಹದಿನೈದು ವರ್ಷ ನನ್ನ ಕಡಿ ಬಂದದ. ನಾ ಒಂದ್ ದಿನಾನೂ ವಾಪಸ್ ಕಳಿಸಿಲ್ಲ ನೋಡಪ" ಎಂದು ಎದ್ದು ಬಂದಳು.

ತೊಳೆಕಟ್ಟೆ ಎಂದರೆ ಏನೆಂದು ಹೇಳಬೇಕು. ಮಂಡಲಿಯ ಪರವಾನಗಿ ಪಡೆದ ಕಟ್ಟೆ ಅದು. ನಮ್ಮ ಹಣವನ್ನು "ಒಳ್ಳೆಯ ಮನೆ"ಗಳ ಖಾತೆಯಲ್ಲಿ ಒಂದು ತಿಂಗಳು ಕೂರಿಸಿ, ಹಳೆಯ ಜಾಡು ಅಳಿಸಿ, ಎಂಟರಲ್ಲಿ ಒಂದು ಪಾಲು ಹಿಡಿದುಕೊಂಡು ಹಿಂದಿರುಗಿಸುತ್ತಾರೆ. ಜಾಡಿನ ಜಾಗದಲ್ಲಿ ಒಂದೇ ಪದ ಉಳಿಯುತ್ತದೆ: ತೊಳೆದದ್ದು. ತೊಳೆಸುವ ಗರಜು ಯಾರಿಗಿರುತ್ತದೆ ಎಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತು. ಹಾಗಿದ್ದೂ ಜನ ತೊಳೆದ ಹಣ ತೆಗೆದುಕೊಳ್ಳುತ್ತಾರೆ. ಅವರಿಗೆ ಬೇಕಾದದ್ದು ಶುದ್ಧವಲ್ಲ ಮಾರಾಯರೇ, ನಾವು ದಂಡ ಕಟ್ಟಿ ಬಂದಿದ್ದೇವೆ ಎಂಬ ಗುರುತು.

ತೊಳೆಸಿಬಿಡು, ಮಳಿಗೆ ಸಿಗಲಿ, ಜಗಳ ಆಮೇಲೆ ಮಾಡೋಣ ಎಂದು ನಾನೇ ಅವಳಿಗೆ ಹೇಳಿದೆ. ಅವಳು ಒಪ್ಪಲಿಲ್ಲ. ಮಂಡಲಿಯ ಅಹವಾಲು ದಿನಕ್ಕೆ ರಾಯಚೂರಿಗೆ ಹೋಗೋಣ ಎಂದಳು. ಹೋದೆವು. ದೊಡ್ಡ ಸಭಾಂಗಣ, ತಂಪು ಗಾಳಿ, ಎಲ್ಲರಿಗೂ ಒಂದೇ ಬಗೆಯ ಕುರ್ಚಿ. ಅಧಿಕಾರಿ ನಗುಮುಖದವನು. ಅವಳ ಮಾತನ್ನೆಲ್ಲ ಕೇಳಿ, "ನೋಡ್ರಿ ತಾಯಿ, ಹಣದ ಬೆಲೆ ಬೀಳಲಾರದಂಗ ನೋಡಿಕೊಳ್ಳೋದು ಮಂಡಲಿ ಕೆಲಸ. ನಾವು ಜಾತಿ ಕೇಳಂಗಿಲ್ಲ. ಜಾಡು ತೋರಸ್ತೀವಿ, ಅಷ್ಟ. ತೊಳೆಕಟ್ಟಿ ಅದಲ್ಲ, ಅಲ್ಲಿಗಿ ಹೋಗ್ರಿ" ಎಂದ.

ಹುಸೇನಮ್ಮ ಎದ್ದು ನಿಂತಳು. "ಸಾಹೇಬ್ರ, ಹದಿನೈದು ವರ್ಷ ಈ ಮಂದಿ ಹೊಲಸು ನಾ ತೊಳದೀನಿ. ಈಗ ನನ್ನ ರೊಕ್ಕ ಈ ಮಂದಿ ತೊಳಿತದ ಅಂತೀರಿ. ತೊಳದದ್ದಕ್ಕ ನನಗ ಕೊಟ್ಟಿದ್ದು ಸಂಬಳ. ಅವರು ತೊಳದದ್ದಕ್ಕ ಎಂಟರಾಗ ಒಂದು ಪಾಲು. ಯಾರ ಹೊಲಸು ಜಾಸ್ತಿ ಇತ್ತು, ನೀವ ಹೇಳ್ರಿ."

ಸಭೆ ನಕ್ಕಿತು, ಅಧಿಕಾರಿಯೂ ನಕ್ಕ. ನಕ್ಕು ಒಂದು ಮಾತು ಹೇಳಿದ. "ತಾಯಿ, ಜಾಡು ಬೇಕು ಅಂತ ಹಲಗಿ ಬಡದು ಕೇಳಿ ತಗೊಂಡವರು ನಿಮ್ಮವರ ಅಲ್ಲೇನು?"

ಹೌದು. ನೀವೇ.

ಅದು ಇತಿಹಾಸ, ನಾನೇ ಮಕ್ಕಳಿಗೆ ಪಾಠ ಮಾಡುವ ಇತಿಹಾಸ. ಹಾಸ್ಟೆಲ್ ಮಕ್ಕಳ ಅನ್ನದ ಹಣವನ್ನು ಗುತ್ತಿಗೆದಾರರು ತಿಂದು ತೇಗಿದಾಗ ಸಂಘದವರು ಬೀದಿಗಿಳಿದರು. ಹಣದ ಹೆಜ್ಜೆ ತೋರಿಸಿ ಎಂದು ಕೂಗಿದರು. ತಿಂಗಳುಗಟ್ಟಲೆ ಕೂತರು, ಲಾಠಿ ತಿಂದರು, ಗೆದ್ದರು. ನಮ್ಮ ಚರಿತ್ರೆಯಲ್ಲಿ ಪೂರ್ತಿ ಗೆದ್ದದ್ದು ಅದೊಂದೇ. ಮೊದಮೊದಲು ಕಳ್ಳರು ಸಾಲಾಗಿ ಸಿಕ್ಕಿಬಿದ್ದರು, ಊರೂರಲ್ಲಿ ಹಲಗೆ ಬಾರಿಸಿ ಕುಣಿದರು. ಆಮೇಲೆ ವರ್ತಕರು ಮಂಡಲಿಯ ಮುಂದೆ ಬಂದು, ಕಳ್ಳ ಹಣ ಕಣ್ಣಿಗೆ ಕಾಣುವಾಗ ಅದನ್ನು ಬೇಡ ಎನ್ನುವ ಹಕ್ಕು ನಮಗಿರಬಾರದೇ ಎಂದು ಕೇಳಿದರು. ಸರಿಯಾದ ಮಾತೇ ಅನ್ನಿಸಿತು, ನಮ್ಮವರೂ ಚಪ್ಪಾಳೆ ತಟ್ಟಿದರು. ಕಳ್ಳರು ತೊಳೆಕಟ್ಟೆಗಳನ್ನು ಕಟ್ಟಿಕೊಂಡು ಪಾರಾದರು. ಜಾಡಿನಲ್ಲಿ ಉಳಿದವರು ನಾವು. ಈ ದೇಶದ ಕೈಗೆ ದೀಪ ಕೊಟ್ಟರೆ ಅದು ಮೊದಲು ಕಳ್ಳನ ಮುಖ ನೋಡುತ್ತದೆ ಎಂದು ನೀವು ನಂಬಿದಿರಿ. ನಮ್ಮ ಓಣಿ ಹುಡುಕಿಕೊಂಡು ಬಂತು.

ಮಳಿಗೆ ಬೇರೆಯವರ ಪಾಲಾಯಿತು. ಈಗ ಅಲ್ಲಿ ಅಂಗೈಗೆ ಹೊಳಪು ಹಚ್ಚುವ ಅಂಗಡಿ ಇದೆ. ಹುಸೇನಮ್ಮ ಮತ್ತೆ ಕೊಳವೆಗೆ ಇಳಿದಿದ್ದಾಳೆ. ಹೋಗುವ ಮುನ್ನ ನನ್ನ ಮುಖ ನೋಡದೆ ಅಂದಳು: "ಅಕ್ಕಾ, ನೀ ಬರಿತಿಯಲ್ಲ. ಮಂಡಲಿಗಿ ಬರದು ಸುಖ ಇಲ್ಲ. ಆ ಹಲಗಿ ಬಡದವರಿಗೇ ಬರಿ."

ಅದಕ್ಕೇ ಬರೆಯುತ್ತಿದ್ದೇನೆ. ಜಾಡು ಕೇಳಬೇಡಿ ಎಂದು ನಾನು ಹೇಳುವುದಿಲ್ಲ. ಆ ಮಕ್ಕಳ ಅನ್ನ ಕದ್ದದ್ದು ಸುಳ್ಳಲ್ಲ, ಕದ್ದವರು ಸಿಕ್ಕಿಬೀಳಲೇಬೇಕು. ಬೇಡಿಕೆಗೆ ಒಂದು ಸಾಲು ಸೇರಿಸಿ, ಇಷ್ಟೇ ನಾನು ಕೇಳುವುದು. ಸರ್ಕಾರದ ಬೊಕ್ಕಸದಿಂದ ಹೊರಟು ಗುತ್ತಿಗೆದಾರನ ಕೈ ದಾಟುವ ತನಕ ಹಣಕ್ಕೆ ನೆನಪಿರಲಿ. ದುಡಿದವರ ಕೈ ಸೇರಿದ ಗಳಿಗೆಯಿಂದ ಅದಕ್ಕೆ ಮರೆವಿರಲಿ. ಈ ಸಾಲಿಲ್ಲದೆ ಯಾವ ಕೇಂದ್ರ ಬ್ಯಾಂಕು ಏನು ಕೊಟ್ಟರೂ ತೆಗೆದುಕೊಳ್ಳಬೇಡಿ, ಅದು ಗೆಲುವಿನ ಹಾಗೆ ಕಂಡರೂ ತೆಗೆದುಕೊಳ್ಳಬೇಡಿ.

ನಿಮ್ಮ ಸಭೆ ಹೇಗೆ ನಡೆಯುತ್ತದೆ ಎಂಬುದೂ ನನಗೆ ಗೊತ್ತು, ನಮ್ಮ ಸಭೆಗಳೂ ಹಾಗೆಯೇ. ಚಹಾ ತಣ್ಣಗಾಗುತ್ತದೆ, ಬೇಡಿಕೆಗಳ ಕ್ರಮಕ್ಕೆ ಜಗಳ ಹತ್ತುತ್ತದೆ. ಹಿಂದಿನ ಸಾಲಿನಿಂದ ಒಬ್ಬಳು ಎದ್ದು ಈ ಮಾತು ತೆಗೆಯುತ್ತಾಳೆ. ಆಗ ಮುಂದೆ ಕೂತ ಒಬ್ಬ, ಒಳ್ಳೆಯವನೇ, ಜೈಲಿಗೂ ಹೋಗಿ ಬಂದವನು, ಕೈ ಎತ್ತಿ ಹೇಳುತ್ತಾನೆ: "ಮೊದಲು ಕಳ್ಳರನ್ನ ಹಿಡಿಯೋಣ, ಇದು ಆಮೇಲೆ ನೋಡೋಣ." ಎಲ್ಲರೂ ತಲೆಯಾಡಿಸುತ್ತಾರೆ. ತಲೆಯಾಡಿಸಬೇಡಿ. ಅವನನ್ನು ಕೂರಿಸಿ, ಅವಳನ್ನು ಮುಂದಕ್ಕೆ ಕರೆಯಿರಿ.

ಆ ಸಭೆ ನಮಗೆ ಆಗಿಹೋದದ್ದು. ಇದನ್ನು ಓದುವ ಹೊತ್ತಿಗೆ ನಿಮಗೆ ಇನ್ನೂ ಆಗಿಲ್ಲ. ಅದಕ್ಕಿಂತ ದೊಡ್ಡ ಆಸ್ತಿ ನಮ್ಮ ಓಣಿಯಲ್ಲಿ ಯಾರ ಹತ್ತಿರವೂ ಇಲ್ಲ.

ಹುಸೇನಮ್ಮನ ಅಕ್ಕ,
ತಿಪ್ಪಮ್ಮ